ಮಳೆಯ ನಕ್ಷೆಯಲ್ಲಿ ಗೆರೆ ಎಲ್ಲಿ ಬೀಳಬೇಕು?

ಪ್ರಶ್ನೆ: ನಾನು ಭೂಗೋಳಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಭಾರತ ಹವಾಮಾನ ಇಲಾಖೆಯ ದಿನವಹಿ ಮಳೆ ದತ್ತಾಂಶವನ್ನು ಗ್ರ್ಯಾಡ್ಸ್ ತಂತ್ರಾಂಶದಲ್ಲಿ ತೆರೆದು, 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸುರಿದ ಮಳೆಯ ನಕ್ಷೆಗಳನ್ನು ಮಾಡುತ್ತಿದ್ದೇನೆ. ಕಾಂಟೂರ್ ಗೆರೆಗಳೆಲ್ಲ ಘಟ್ಟದ ಮೇಲೆ ಒತ್ತೊತ್ತಾಗಿ ಬಿದ್ದು ಬಯಲುಸೀಮೆ ಖಾಲಿ ಕಾಣುತ್ತದೆ. ಒಂದು ದಿನದ ನಕ್ಷೆಯಲ್ಲಿ 20 ಮಿ.ಮೀ. ಮಳೆಗೇ ಕೆಂಪು, ಇನ್ನೊಂದು ದಿನ 150 ಆದರೂ ಕೆಂಪಿಲ್ಲ. ಬಣ್ಣ ಬದಲಿಸಿದರೆ ಸರಿಹೋಗುತ್ತದೆಯೇ? ಅಥವಾ ಗ್ರ್ಯಾಡ್ಸ್ ಬಿಟ್ಟು ಪೈಥಾನ್ ಕಲಿಯಬೇಕೇ?

ಉತ್ತರ: ಬಣ್ಣ ಬದಲಿಸಿದರೆ ಸರಿಹೋಗದು. ತೊಡಕಿರುವುದು ಬಣ್ಣಕ್ಕಿಂತ ಒಂದು ಹೆಜ್ಜೆ ಹಿಂದೆ. ಎಷ್ಟೆಷ್ಟು ಮಿಲಿಮೀಟರಿಗೆ ಗೆರೆ ಬೀಳಬೇಕು ಎಂಬ ತೀರ್ಮಾನವನ್ನು ನೀವು ತಂತ್ರಾಂಶಕ್ಕೆ ಬಿಟ್ಟಿದ್ದೀರಿ. ಅದಕ್ಕೆ ಕೊಡಗೂ ಗೊತ್ತಿಲ್ಲ, ಮಳೆಯೂ ಗೊತ್ತಿಲ್ಲ. ಪರದೆಯ ಮೇಲಿರುವ ಭಾಗದಲ್ಲಿ ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಎಂದು ನೋಡಿ, ನಡುವಿನ ಹರವನ್ನು ಸಮವಾಗಿ ಹಂಚಿ, ನೇರಳೆಯಿಂದ ಕೆಂಪಿನವರೆಗೆ ಬಣ್ಣ ಬಳಿಯುತ್ತದೆ. ಗರಿಷ್ಠ ಮಳೆ 25 ಮಿ.ಮೀ. ಇದ್ದ ದಿನ 20ಕ್ಕೇ ಕೆಂಪು ಬರುವುದು, 250 ಇದ್ದ ದಿನ 150ಕ್ಕೂ ಕೆಂಪು ಬಾರದಿರುವುದು ಇದೇ ಕಾರಣಕ್ಕೆ. ನಕ್ಷೆಯನ್ನು ಕೊಡಗಿನ ಸುತ್ತ ಹಿಗ್ಗಿಸಿ ನೋಡಿದರೂ ಲೆಕ್ಕ ಮತ್ತೆ ಬದಲಾಗುತ್ತದೆ. ಹೀಗೆ ಮಾಡಿದ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಸಾಧ್ಯವೇ ಇಲ್ಲ. ನಿಮ್ಮ ಪ್ರಬಂಧದ ಉದ್ದೇಶವೇ ದಿನದಿಂದ ದಿನಕ್ಕೆ ಮಳೆ ಹೇಗೆ ಏರಿತು ಎಂದು ತೋರಿಸುವುದಾದರೆ ಈ ನಕ್ಷೆಗಳು ಆ ಕೆಲಸಕ್ಕೆ ಬಾರವು.

ಆದ್ದರಿಂದ ಮೊದಲು ಮಟ್ಟಗಳನ್ನು ನೀವೇ ನಿಗದಿ ಮಾಡಿ. ಗ್ರ್ಯಾಡ್ಸ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. (ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.) ‘ಸೆಟ್ ಸಿಇಂಟ್’ ಎಂದು ಬರೆದು ಒಂದು ಸಂಖ್ಯೆ ಕೊಟ್ಟರೆ ಅಷ್ಟು ಸಮಾನ ಅಂತರದಲ್ಲಿ ಗೆರೆಗಳು ಬೀಳುತ್ತವೆ. ‘ಸೆಟ್ ಸಿಲೆವ್ಸ್’ ಎಂದು ಬರೆದು ಬೇಕಾದ ಬೆಲೆಗಳನ್ನು ಸಾಲಾಗಿ ಕೊಟ್ಟರೆ ಆ ಬೆಲೆಗಳಿಗೆ ಮಾತ್ರ. ಉಷ್ಣಾಂಶಕ್ಕೆ, ವಾಯುಭಾರಕ್ಕೆ ಮೊದಲನೆಯದು ಸಾಕು. ಮಳೆಗೆ ಎರಡನೆಯದೇ ಬೇಕು, ಏಕೆಂದರೆ ಮಳೆ ಸಮವಾಗಿ ಹಂಚಿಕೆಯಾಗುವ ವಸ್ತುವಲ್ಲ. ವರ್ಷದ ಸರಾಸರಿ ತೆಗೆದುಕೊಂಡರೆ ಆಗುಂಬೆಯಲ್ಲಿ 7000 ಮಿ.ಮೀ.ಗೂ ಹೆಚ್ಚು, ಚಳ್ಳಕೆರೆಯ ಕಡೆ 500ರ ಆಸುಪಾಸು. 500ರ ಸಮಾನ ಅಂತರದಲ್ಲಿ ಗೆರೆ ಎಳೆದರೆ ಹತ್ತಾರು ಗೆರೆಗಳು ಘಟ್ಟದ ಒಂದು ಕಿರುಪಟ್ಟಿಯಲ್ಲಿ ಗಂಟುಕಟ್ಟಿಕೊಳ್ಳುತ್ತವೆ. ಚಳ್ಳಕೆರೆಗೂ ಹಾವೇರಿಗೂ ನಡುವೆ ಒಂದೋ ಎರಡೋ ಗೆರೆ ಬಿದ್ದರೆ ಹೆಚ್ಚು. ಆದರೆ ಶೇಂಗಾ ಬಿತ್ತುವವನಿಗೆ 500 ಮತ್ತು 650ರ ನಡುವಿನ ವ್ಯತ್ಯಾಸ ಬದುಕಿನ ಪ್ರಶ್ನೆ. ಆಗುಂಬೆಯಲ್ಲಿ 6500 ಮತ್ತು 7000ದ ನಡುವಿನದು ಹಾಗಲ್ಲ. ಕರ್ನಾಟಕದ ವಾರ್ಷಿಕ ಮಳೆಗೆ ನಾನಾದರೆ 400, 500, 600, 800, 1000, 1500, 2000, 3000, 4500 ಎಂದು ಕೊಡುತ್ತೇನೆ. ಕೆಳಗೆ ಮೆಟ್ಟಿಲು ಚಿಕ್ಕದು, ಮೇಲೆ ದೊಡ್ಡದು. ಬಯಲುಸೀಮೆಗೆ ಆಗ ಜೀವ ಬರುತ್ತದೆ, ಘಟ್ಟದ ಗಂಟೂ ಬಿಚ್ಚಿಕೊಳ್ಳುತ್ತದೆ.

ನಿಮ್ಮದು ದಿನದ ಮಳೆ. ಇದಕ್ಕೆ ಮಟ್ಟಗಳನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ, ಹವಾಮಾನ ಇಲಾಖೆಯೇ ನಿಗದಿ ಮಾಡಿಟ್ಟಿದೆ. 24 ಗಂಟೆಯಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ ಮಳೆ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, 204.5 ಮತ್ತು ಅದಕ್ಕೆ ಮೇಲ್ಪಟ್ಟದ್ದು ಅತ್ಯಂತ ಭಾರಿ. ಇವೇ ಗಡಿಗಳನ್ನು, ಅಂದರೆ 2.5, 15.6, 64.5, 115.6, 204.5, ‘ಸೆಟ್ ಸಿಲೆವ್ಸ್’ಗೆ ಕೊಡಿ. ಆಗ ನಕ್ಷೆಯ ಪ್ರತಿ ಗೆರೆಗೂ ಒಂದು ಅರ್ಥ ಬರುತ್ತದೆ. ಗೆರೆಯ ಆಚೆ ಭಾರಿ ಮಳೆ, ಈಚೆ ಸಾಧಾರಣ ಮಳೆ ಎಂದು ಓದಬಹುದು. ಮುನ್ಸೂಚನೆಯಲ್ಲಿ ‘ಅತಿ ಭಾರಿ ಮಳೆ’ ಎಂದು ಹೇಳಿದ್ದು ನಿಜವಾಗಿ ಎಲ್ಲೆಲ್ಲಿ ಆಯಿತು ಎಂಬುದನ್ನು ಇದೇ ನಕ್ಷೆಯ ಮೇಲೆ ಬೆರಳಿಟ್ಟು ನೋಡಬಹುದು. 50, 100, 150, 200 ಎಂದು ದುಂಡು ಸಂಖ್ಯೆ ಹಾಕಿದವರ ನಕ್ಷೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಆದರೆ ಇದನ್ನು ಹೇಳುವುದಿಲ್ಲ.

ಇನ್ನು ಬಣ್ಣ. ‘ಸೆಟ್ ಜಿಎಕ್ಸ್‌ಔಟ್ ಶೇಡೆಡ್’ ಎಂದರೆ ಗೆರೆಗಳ ನಡುವಿನ ಜಾಗ ತುಂಬುತ್ತದೆ, ‘ಸೆಟ್ ಸಿಕಾಲ್ಸ್’ಗೆ ಬಣ್ಣಗಳ ಕ್ರಮಸಂಖ್ಯೆಗಳನ್ನು ಕೊಡಬೇಕು. ಮಟ್ಟಗಳು ಐದಾದರೆ ಬಣ್ಣಗಳು ಆರು. ಮೊದಲ ಮಟ್ಟಕ್ಕಿಂತ ಕೆಳಗಿನದಕ್ಕೊಂದು, ಕೊನೆಯದಕ್ಕಿಂತ ಮೇಲಿನದಕ್ಕೊಂದು. ಇದನ್ನು ಮರೆತು ಐದೇ ಬಣ್ಣ ಕೊಡುವುದು ಎಲ್ಲರಿಗೂ ಆಗುವ ಎಡವಟ್ಟು. ಮೊದಲ ಬಣ್ಣವಾಗಿ 0 ಕೊಡಿ, ಅದು ಹಿನ್ನೆಲೆಯ ಬಣ್ಣ. ಮಳೆಯಿಲ್ಲದ ಕಡೆ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಉಳಿದ ಐದನ್ನು ‘ಸೆಟ್ ಆರ್‌ಜಿಬಿ’ ಬಳಸಿ 16 ಅಥವಾ ಅದಕ್ಕೆ ಮೇಲಿನ ಸಂಖ್ಯೆಗಳಲ್ಲಿ ನೀವೇ ಕಲಸಿಕೊಳ್ಳಿ. 0ಯಿಂದ 15ರವರೆಗಿನವು ತಂತ್ರಾಂಶದವೇ. ತಿಳಿನೀಲಿಯಿಂದ ಕಡುನೀಲಿಗೆ ಇಳಿಯುವ ಐದು ಹದ ಸಾಕು. ಕೆಂಪು, ಕಿತ್ತಳೆ, ಹಳದಿ ಬೇಡ ಎಂಬುದು ನನ್ನ ಸಲಹೆ. ಆ ಮೂರು ಬಣ್ಣಗಳು ನಮ್ಮಲ್ಲಿ ಈಗ ಅಲರ್ಟಿನ ಬಣ್ಣಗಳಾಗಿವೆ. ಬಿದ್ದು ಹೋದ ಮಳೆಯ ನಕ್ಷೆಯನ್ನು ಓದುಗರು ಎಚ್ಚರಿಕೆಯ ನಕ್ಷೆ ಎಂದು ತಿಳಿಯುವ ಸಾಧ್ಯತೆ ಇದೆ.

ಕಾಮನಬಿಲ್ಲಿನ ಸಾಲನ್ನು ಬಿಡಲು ಇನ್ನೂ ಗಟ್ಟಿಯಾದ ಕಾರಣವಿದೆ. ಆ ಸಾಲಿನಲ್ಲಿ ಹೊಳಪು ಕ್ರಮವಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಡುವಿನ ಹಳದಿ ಎಲ್ಲಕ್ಕಿಂತ ಪ್ರಖರವಾಗಿ ಕಣ್ಣಿಗೆ ಹೊಡೆಯುತ್ತದೆ. ದತ್ತಾಂಶದಲ್ಲಿ ಇಲ್ಲದ ಒಂದು ಅಂಚು ಅಲ್ಲಿ ಹುಟ್ಟಿಕೊಳ್ಳುತ್ತದೆ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿರುವವರಿಗಂತೂ ನಡುವಿನ ಹಸಿರೂ ತುದಿಯ ಕೆಂಪೂ ಕಲಸಿಹೋಗಬಹುದು. ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ತನ್ನ ಹಳೆಯ ಕಾಮನಬಿಲ್ಲಿನ ಸಾಲನ್ನು ತೆಗೆದು ವಿರಿಡಿಸ್ ಎಂಬ ಹೊಸ ಸಾಲನ್ನು ಮೂಲ ಆಯ್ಕೆಯಾಗಿ ತಂದದ್ದು ಇದಕ್ಕಾಗಿಯೇ. ನಿಮ್ಮ ನಕ್ಷೆಯನ್ನು ಪರೀಕ್ಷಿಸಲು ಸುಲಭದ ದಾರಿ ಎಂದರೆ ಕಪ್ಪು-ಬಿಳುಪಿನಲ್ಲಿ ಒಂದು ಪ್ರತಿ ತೆಗೆಯುವುದು. ಹೆಚ್ಚು ಮಳೆ ಬಿದ್ದಲ್ಲಿ ಹೆಚ್ಚು ಕಪ್ಪು ಕಂಡರೆ ಬಣ್ಣ ಸರಿಯಿದೆ. ವಿಶ್ವವಿದ್ಯಾಲಯದ ಪ್ರಬಂಧಗಳು ಹೇಗೂ ಜೆರಾಕ್ಸ್ ಆಗಿಯೇ ಕೈಯಿಂದ ಕೈಗೆ ಹೋಗುವುದು.

ಹವಾಮಾನ ಇಲಾಖೆಯ ಮಳೆ ಕೊರತೆಯ ನಕ್ಷೆಯ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಬೇಕು. ವಾಡಿಕೆಗಿಂತ ಶೇ 20ರಿಂದ 59ರಷ್ಟು ಕೊರತೆಯಾದ ಪ್ರದೇಶಕ್ಕೆ ಅದರಲ್ಲಿ ಕೆಂಪು ಬಣ್ಣ. ಶೇ 60ಕ್ಕೂ ಹೆಚ್ಚು ಕೊರತೆಯಾದ ಪ್ರದೇಶಕ್ಕೆ ಹಳದಿ. ಪತ್ರಿಕೆಯಲ್ಲಿ ಈ ನಕ್ಷೆ ನೋಡುವ ಸಾಮಾನ್ಯ ಓದುಗರ ಕಣ್ಣು ಮೊದಲು ಕೆಂಪಿಗೇ ಹೋಗುತ್ತದೆ. ಹಳದಿ ಜಿಲ್ಲೆ ಕೆಂಪು ಜಿಲ್ಲೆಗಿಂತ ವಾಸಿ ಎಂದುಕೊಳ್ಳುವುದು ತೀರ ಸಹಜ, ನಿಜ ಮಾತ್ರ ತಿರುಗುಮುರುಗು. ವರ್ಷಗಳ ಬಳಕೆಯಿಂದ ಇಲಾಖೆಯವರಿಗೂ ವರದಿಗಾರರಿಗೂ ಅದು ರೂಢಿಯಾಗಿರಬಹುದು. ನೀವು ಕೊರತೆಯ ನಕ್ಷೆ ಮಾಡುವುದಾದರೆ ಅದೇ ವರ್ಗಗಳನ್ನು ಇಟ್ಟುಕೊಳ್ಳಿ, ಬಣ್ಣಗಳನ್ನು ಮಾತ್ರ ಬದಲಿಸಿ: ವಾಡಿಕೆಯ ಆಚೀಚೆ ಶೇ 19ರೊಳಗೆ ಇದ್ದರೆ ಬಿಳಿ, ಕೊರತೆ ಹೆಚ್ಚಿದಂತೆ ಕಡುವಾಗುವ ಕಂದು, ಹೆಚ್ಚುವರಿ ಏರಿದಂತೆ ಕಡುವಾಗುವ ಹಸಿರು ಅಥವಾ ನೀಲಿ. ಇಂಥ ನಕ್ಷೆಯಲ್ಲಿ ಮಟ್ಟಗಳು ಸೊನ್ನೆಯ ಎರಡೂ ಬದಿಗೆ ಸರಿಸಮನಾಗಿರಬೇಕು. ತಂತ್ರಾಂಶಕ್ಕೆ ಬಿಟ್ಟರೆ ಬಿಳಿ ಬಣ್ಣ ಹೋಗಿ +15ರ ಮೇಲೆ ಕೂರುವುದೂ ಉಂಟು.

ನಯಗೊಳಿಸುವ ಆಜ್ಞೆಗಳ ಬಗ್ಗೆ ನೀವು ಕೇಳಿಲ್ಲ. ಆದರೆ ಗೆರೆಗಳು ಅಂಕುಡೊಂಕಾಗಿ ಕಂಡ ಕೂಡಲೇ ಯಾರಾದರೂ ಅವುಗಳನ್ನು ಸೂಚಿಸುತ್ತಾರೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇಲಾಖೆಯ ದತ್ತಾಂಶ 0.25 ಡಿಗ್ರಿಯ ಚೌಕಗಳಲ್ಲಿದೆ. ಕೊಡಗಿನ ಅಕ್ಷಾಂಶದಲ್ಲಿ ಒಂದು ಚೌಕ ಸುಮಾರು 27 ಕಿ.ಮೀ. ಅಗಲ. ದೇಶದ ಸುಮಾರು 7000 ಮಳೆಮಾಪನ ಕೇಂದ್ರಗಳ ದಾಖಲೆಯಿಂದ ಲೆಕ್ಕ ಹಾಕಿ ಪ್ರತಿ ಬಿಂದುವಿಗೆ ಒಂದು ಸಂಖ್ಯೆ ಕೊಟ್ಟಿದ್ದಾರೆ. ಅಂದರೆ ಕೇಂದ್ರವಿಲ್ಲದ ಜಾಗಕ್ಕೆ ಈಗಾಗಲೇ ಒಂದು ಅಂದಾಜು ನಡೆದಿದೆ. ಕಾಂಟೂರ್ ಗೆರೆ ಎರಡನೆಯ ಅಂದಾಜು. ಒಂದು ಬಿಂದುವಿನಲ್ಲಿ 40, ಪಕ್ಕದ ಬಿಂದುವಿನಲ್ಲಿ 120 ಮಿ.ಮೀ. ಇದ್ದರೆ, ನಡುವೆ ಮಳೆ ಒಂದೇ ಹದದಲ್ಲಿ ಏರುತ್ತದೆ ಎಂದು ಇಟ್ಟುಕೊಂಡು, 64.5ರ ಗೆರೆಯನ್ನು ಮೊದಲ ಬಿಂದುವಿನಿಂದ ಸುಮಾರು 8 ಕಿ.ಮೀ. ದೂರದಲ್ಲಿ ಎಳೆಯುತ್ತದೆ. ಘಟ್ಟದ ನೆತ್ತಿ ದಾಟಿದೊಡನೆ ಮಳೆ ದಬಕ್ಕನೆ ಇಳಿಯುವ ಸೀಮೆಯಲ್ಲಿ ಈ ‘ಒಂದೇ ಹದ’ ನಿಜವಲ್ಲ ಎಂಬುದು ಅಲ್ಲಿನ ಯಾವ ಕಾಫಿ ಬೆಳೆಗಾರನಿಗೂ ಗೊತ್ತು.

‘ಸೆಟ್ ಸಿಸ್ಮೂತ್ ಆನ್’ ಎಂದರೆ ಮೂರನೆಯ ಅಂದಾಜು. ಗೆರೆ ಎಳೆಯುವ ಮೊದಲು ಗ್ರಿಡ್ಡನ್ನೇ ಇನ್ನಷ್ಟು ಸಣ್ಣ ಚೌಕಗಳಾಗಿ ಒಡೆದು, ವಕ್ರರೇಖೆಯ ಲೆಕ್ಕದಿಂದ ನಡುವಿನ ಬೆಲೆ ತುಂಬುತ್ತದೆ. ವಕ್ರರೇಖೆ ಏರಿದ ರಭಸಕ್ಕೆ ಮೂಲ ದತ್ತಾಂಶದ ಗರಿಷ್ಠವನ್ನು ಮೀರಿ ಹೋಗಬಹುದು, ಇಳಿದ ರಭಸಕ್ಕೆ ಸೊನ್ನೆಗಿಂತ ಕೆಳಗೂ ಹೋಗಬಹುದು. ಋಣ ಮಳೆ ಎಂಬುದು ಲೋಕದಲ್ಲಿಲ್ಲ! ಗ್ರ್ಯಾಡ್ಸ್‌ನ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ. ವಾಯುಭಾರದಂಥ, ಸ್ವಭಾವತಃ ನಯವಾದ ಕ್ಷೇತ್ರಗಳಿಗೆ ಅದನ್ನು ಬಳಸಿ, ಮಳೆಗೆ ಬೇಡ. ‘ಎಸ್‌ಎಂಟಿಎಚ್9’ ಫಲನ ಇನ್ನೊಂದು ಬಗೆಯದು, ಸುತ್ತಲಿನ ಎಂಟು ಬಿಂದುಗಳೊಂದಿಗೆ ಸೇರಿಸಿ ಸರಾಸರಿ ಮಾಡುತ್ತದೆ. ಅದರಿಂದ ಋಣ ಮಳೆ ಬಾರದು, ಆದರೆ ಕೊಡಗಿನ ಶಿಖರಬೆಲೆ ಕರಗಿ ಸುತ್ತಲಿಗೆ ಹರಡುತ್ತದೆ. ವಿಪತ್ತಿನ ದಿನದ ನಕ್ಷೆಯಲ್ಲಿ ಶಿಖರಬೆಲೆಯೇ ಮುಖ್ಯ. ನನ್ನನ್ನು ಕೇಳಿದರೆ ನಿಮ್ಮ ಕೆಲಸಕ್ಕೆ ‘ಸೆಟ್ ಜಿಎಕ್ಸ್‌ಔಟ್ ಜಿಆರ್‌ಫಿಲ್’ ಹೆಚ್ಚು ಒಪ್ಪುತ್ತದೆ. ಅದು ಗೆರೆಯೇ ಎಳೆಯುವುದಿಲ್ಲ. ಪ್ರತಿ ಚೌಕಕ್ಕೂ ಅದರ ಬೆಲೆಯ ಬಣ್ಣ ಬಳಿಯುತ್ತದೆ. ನೋಡಲು ಒರಟು. ಆದರೆ ದತ್ತಾಂಶ ಎಷ್ಟು ಸೂಕ್ಷ್ಮವೋ ಅಷ್ಟೇ ಸೂಕ್ಷ್ಮತೆಯನ್ನು ಪ್ರಾಮಾಣಿಕವಾಗಿ ತೋರಿಸುತ್ತದೆ. ನೀವು ಕೊಟ್ಟ ಮಟ್ಟಗಳೂ ಬಣ್ಣಗಳೂ ಅದಕ್ಕೂ ಹಾಗೆಯೇ ಅನ್ವಯವಾಗುತ್ತವೆ.

ಆ ವಾರದ ಮಳೆಗೆ ಕಾರಣವಾದ ಗಾಳಿಯನ್ನೂ ಒತ್ತಡವನ್ನೂ ಅದೇ ನಕ್ಷೆಯ ಮೇಲೆ ತೋರಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಆಗಸ್ಟ್ ಮಧ್ಯದಲ್ಲಿ ಒಡಿಶಾ ಕರಾವಳಿಯ ಕಡೆ ಒಂದು ವಾಯುಭಾರ ಕುಸಿತವೂ ಇತ್ತು. ಒತ್ತಡದ ಗೆರೆಗಳಲ್ಲಿ ಅಂತರದ ಆಯ್ಕೆ ಇನ್ನೂ ನಿರ್ಣಾಯಕ. ಉತ್ತರದ ಶೀತ ದೇಶಗಳ ನಕ್ಷೆಗಳಲ್ಲಿ ಸಮಭಾರ ರೇಖೆಗಳನ್ನು ಸಾಮಾನ್ಯವಾಗಿ 4 ಹೆಕ್ಟೊಪಾಸ್ಕಲ್‌ಗೆ ಒಂದರಂತೆ ಎಳೆಯುತ್ತಾರೆ. ಉಷ್ಣವಲಯದಲ್ಲಿ ಒತ್ತಡದ ಏರಿಳಿತ ಅಷ್ಟಿಲ್ಲ, ಹಾಗಾಗಿ ನಮ್ಮ ಇಲಾಖೆ 2ಕ್ಕೆ ಒಂದರಂತೆ ಎಳೆಯುತ್ತದೆ. ಇದು ಬರಿಯ ಅಭ್ಯಾಸವಲ್ಲ. ಗಾಳಿಯ ವೇಗದ ಜೊತೆಗೆ ಈ ರೇಖೆಗಳ ಎಣಿಕೆಯೂ ಇಲಾಖೆಯ ವರ್ಗೀಕರಣದ ಭಾಗ. 2 ಹೆಕ್ಟೊಪಾಸ್ಕಲ್ ಅಂತರದಲ್ಲಿ ಎಳೆದಾಗ ಸುತ್ತಿ ಬಂದು ಕೂಡಿಕೊಳ್ಳುವ ರೇಖೆ ಒಂದಿದ್ದರೆ ಕಡಿಮೆ ಒತ್ತಡದ ಪ್ರದೇಶ, ಎರಡಿದ್ದರೆ ವಾಯುಭಾರ ಕುಸಿತ, ಮೂರಿದ್ದರೆ ತೀವ್ರ ವಾಯುಭಾರ ಕುಸಿತ, ನಾಲ್ಕು ಅಥವಾ ಹೆಚ್ಚಿದ್ದರೆ ಚಂಡಮಾರುತ. ನೀವು ಅಂತರವನ್ನು 1ಕ್ಕೆ ಇಳಿಸಿದರೆ ಸಾಧಾರಣ ಕುಸಿತವೂ ನಾಲ್ಕು ಸುತ್ತಿನ ಚಂಡಮಾರುತದಂತೆ ಕಾಣುತ್ತದೆ. 4ಕ್ಕೆ ಏರಿಸಿದರೆ ಒಂದೇ ಸುತ್ತಾಗಿ ಬಡವಾಗುತ್ತದೆ. ಮುಂಗಾರಿನ ಬುಲೆಟಿನ್‌ಗಳಲ್ಲಿ ಕೇಳುತ್ತೇವಲ್ಲ, ಕರ್ನಾಟಕ-ಕೇರಳ ಕರಾವಳಿಯುದ್ದಕ್ಕೂ ಇರುವ ಕಡಿಮೆ ಒತ್ತಡದ ದ್ರೋಣಿ, ಅದು ನಕ್ಷೆಯಲ್ಲಿ ಸಮಭಾರ ರೇಖೆಯ ಒಂದು ಸಣ್ಣ ಬಾಗು ಅಷ್ಟೇ. 4ರ ಅಂತರದಲ್ಲಿ ಅದು ಎರಡು ಗೆರೆಗಳ ನಡುವೆ ಬಿದ್ದು ಕಾಣದೇ ಹೋಗಬಹುದು. ದಕ್ಷಿಣ ಕನ್ನಡದಿಂದ ಕೊಡಗಿನವರೆಗೆ ಅಷ್ಟು ನೀರು ಏಕೆ ಬಂತು ಎಂದು ವಿವರಿಸಬೇಕಾದ ನಕ್ಷೆಯಿಂದ ಅದರ ಕಾರಣಗಳಲ್ಲೊಂದು ಹಾಗೆ ಅಳಿಸಿಹೋಗುವುದು ನನಗೆ ಸಹಿಸಲಾಗದ ಸಂಗತಿ.

ಒತ್ತಡದ ದತ್ತಾಂಶವನ್ನು ಯುರೋಪಿನ ಇಆರ್‌ಎ5 ಸಂಗ್ರಹದಿಂದ ತಂದುಕೊಂಡರೆ ಅದು ಪಾಸ್ಕಲ್‌ನಲ್ಲಿರುತ್ತದೆ. 100ರಿಂದ ಭಾಗಿಸಿ ಆಮೇಲೆ ಚಿತ್ರಿಸಿ. ಇಲ್ಲದಿದ್ದರೆ ಗೆರೆಗಳ ಮೇಲೆ ಲಕ್ಷದ ಸಂಖ್ಯೆಗಳು ಬರುತ್ತವೆ. ಮೊದಲು ಮಳೆಯ ಬಣ್ಣ, ಅದರ ಮೇಲೆ ಗೆರೆ. ಕ್ರಮ ತಪ್ಪಿದರೆ ಬಣ್ಣ ಗೆರೆಯನ್ನು ಮುಚ್ಚುತ್ತದೆ. ಗೆರೆಗೆ ‘ಸೆಟ್ ಸಿಕಲರ್ 1’, ‘ಸೆಟ್ ಸಿಥಿಕ್’ನಲ್ಲಿ ಮಧ್ಯಮ ದಪ್ಪ, ‘ಸೆಟ್ ಸಿಸ್ಟೈಲ್ 1’ ಅಖಂಡ ಗೆರೆ. ಅಂಕಿಗಳು ಒಂದರ ಮೇಲೊಂದು ಬಿದ್ದರೆ ‘ಸೆಟ್ ಸಿಎಲ್‌ಸ್ಕಿಪ್’ ಬಳಸಿ ಕೆಲವನ್ನು ಬಿಡಿಸಿ. ಪ್ರತಿ ‘ಡಿಸ್‌ಪ್ಲೇ’ಗೂ ಮುಂಚೆ ಮಟ್ಟ, ಬಣ್ಣಗಳ ಆಜ್ಞೆಯನ್ನು ಮತ್ತೆ ಬರೆಯುವ ರೂಢಿ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದು ಸ್ಕ್ರಿಪ್ಟಿನಲ್ಲಿ ಹಾಕಿಟ್ಟರೆ ಎಲ್ಲ ದಿನಗಳ ನಕ್ಷೆಗಳೂ ಒಂದೇ ಅಳತೆಯಲ್ಲಿ ಹೊರಬರುತ್ತವೆ. ವರ್ಣಪಟ್ಟಿಗೆ ‘ಸಿಬಾರ್‌ಎನ್’ ಎಂಬ ಸಿದ್ಧ ಸ್ಕ್ರಿಪ್ಟ್ ಇದೆ.

ಮಳೆಯ ದಿನಕ್ಕೂ ಕ್ಯಾಲೆಂಡರಿನ ದಿನಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಆಗಸ್ಟ್ 17ರ ಹೆಸರಿನಲ್ಲಿರುವ ಮಳೆ ಬಹುಪಾಲು 16ರಂದು ಬಿದ್ದದ್ದು. ಆ ಮಳೆಗೆ ಕೊಡಗಿನಲ್ಲಿ ಗುಡ್ಡ ಕುಸಿದ ಗಂಟೆಯನ್ನೂ ಮಳೆಯ ನಕ್ಷೆಯನ್ನೂ ತಾಳೆ ಹಾಕುವಾಗ ಇದು ತಪ್ಪಿದರೆ ಕಾರಣವೇ ಪರಿಣಾಮದ ನಂತರ ಬಂದಂತಾಗುತ್ತದೆ. ನಕ್ಷೆಯ ತಲೆಬರಹದಲ್ಲೇ ‘ಬೆಳಿಗ್ಗೆ 8:30ಕ್ಕೆ ಮುಗಿದ 24 ಗಂಟೆ’ ಎಂದು ಬರೆಯಿರಿ.

ನಿಮ್ಮ ನಕ್ಷೆಯಲ್ಲಿ ಕಡಲ ಅಂಚಿನುದ್ದಕ್ಕೂ ಗೆರೆಗಳ ದಟ್ಟ ಕಟ್ಟು ಇದೆಯೇ ಎಂದೂ ನೋಡಿಕೊಳ್ಳಿ. ಈ ದತ್ತಾಂಶದಲ್ಲಿ ಸಮುದ್ರದ ಬಿಂದುಗಳಿಗೆ -999 ಎಂದು ತುಂಬಿರುತ್ತದೆ, ‘ಇಲ್ಲಿ ಬೆಲೆಯಿಲ್ಲ’ ಎಂಬ ಗುರುತಾಗಿ. ಕಂಟ್ರೋಲ್ ಕಡತದ ‘ಅನ್‌ಡೆಫ್’ ಸಾಲಿನಲ್ಲಿ ಅದನ್ನು ಸರಿಯಾಗಿ ಹೇಳದಿದ್ದರೆ ತಂತ್ರಾಂಶ ಅದನ್ನೂ ಮಳೆ ಎಂದೇ ಎಣಿಸಿ, ಮಂಗಳೂರಿನ 100ಕ್ಕೂ ಕಡಲಿನ -999ಕ್ಕೂ ನಡುವೆ ಗೆರೆಗಳನ್ನು ಪೋಣಿಸುತ್ತದೆ. ಹಾಗೆಂದು ಸಮುದ್ರಕ್ಕೆ ಸೊನ್ನೆ ತುಂಬುವುದೂ ತಪ್ಪು. ಕಡಲ ಮೇಲೆ ಮಳೆಯೇ ಆಗಲಿಲ್ಲ ಎಂಬ ಸುಳ್ಳು ನಕ್ಷೆಗೆ ಸೇರುತ್ತದೆ. ಅಲ್ಲಿ ಖಾಲಿ ಬಿಡುವುದೇ ಸರಿ.

ಎಲ್ಲಕ್ಕಿಂತ ಮೇಲಿನ ಮಟ್ಟ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಉದಾಹರಣೆ ಹೇಳುತ್ತೇನೆ. 2013ರ ಜನವರಿಯಲ್ಲಿ ಅಲ್ಲಿ ಬಿಸಿಗಾಳಿ ಬೀಸುತ್ತಿದ್ದಾಗ, ಅಲ್ಲಿನ ಹವಾಮಾನ ಸಂಸ್ಥೆಯ ಉಷ್ಣಾಂಶ ಮುನ್ಸೂಚನೆಯ ನಕ್ಷೆಯ ವರ್ಣಪಟ್ಟಿ 50 ಡಿಗ್ರಿ ಸೆಲ್ಸಿಯಸ್‌ಗೆ ಮುಗಿಯುತ್ತಿತ್ತು. ಮುನ್ಸೂಚನೆ ಅದನ್ನು ದಾಟುವ ಹಾಗೆ ಕಂಡಾಗ ಅವರು ನೇರಳೆ ಮತ್ತು ಗುಲಾಬಿ ಬಣ್ಣ ಸೇರಿಸಿ ಪಟ್ಟಿಯನ್ನು 54ರವರೆಗೆ ಬೆಳೆಸಿದರು. ಆ ಹೊಸ ಬಣ್ಣಗಳೇ ಜಗತ್ತಿನಾದ್ಯಂತ ಸುದ್ದಿಯಾದವು. 204.5ರ ಮೇಲೆ ಎಷ್ಟೇ ಬಿದ್ದರೂ ಒಂದೇ ಬಣ್ಣವಾಗುವುದು ನಿಮಗೆ ಸಾಲದು ಅನ್ನಿಸಿದರೆ ಮೇಲೆ 300ರ ಒಂದು ಮಟ್ಟ ಸೇರಿಸಿ. ಆದರೆ ಎಲ್ಲ ದಿನಗಳ ನಕ್ಷೆಗೂ ಸೇರಿಸಿ, ಮಳೆ ಕಡಿಮೆಯಿದ್ದ ದಿನಗಳಿಗೂ.

ಇನ್ನು ಪೈಥಾನ್. ಗ್ರ್ಯಾಡ್ಸ್ 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬ್ರಯಾನ್ ಡೋಟಿ ಅವರು ಬರೆದ ತಂತ್ರಾಂಶ. ಇಂದಿಗೂ ನಮ್ಮ ಸಂಶೋಧನಾಲಯಗಳಲ್ಲಿ ಬಳಕೆಯಲ್ಲಿದೆ; ಕಡಿಮೆ ಸಾಮರ್ಥ್ಯದ ಕಂಪ್ಯೂಟರಿನಲ್ಲೂ ಸರಾಗವಾಗಿ ಓಡುತ್ತದೆ. ಪ್ರಬಂಧ ಮುಗಿಸುವ ಗಡಿಬಿಡಿಯಲ್ಲಿದ್ದರೆ ಅದನ್ನೇ ಹಿಡಿದುಕೊಳ್ಳಿ. ಮುಂದೆ ಇದೇ ಕ್ಷೇತ್ರದಲ್ಲಿ ಕೆಲಸ ಹುಡುಕುವುದಾದರೆ ಪೈಥಾನ್ ಬೇಕೇ ಬೇಕು, ಬಿಡುವಾದ ಕೂಡಲೇ ಕಲಿಯಿರಿ. ಇಲ್ಲಿ ಕಲಿತದ್ದೆಲ್ಲ ಅಲ್ಲಿಗೂ ಬರುತ್ತದೆ: ಮ್ಯಾಟ್‌ಪ್ಲಾಟ್‌ಲಿಬ್‌ನ ‘ಕಾಂಟೂರ್‌ಎಫ್’ ಆಜ್ಞೆಗೆ ‘ಲೆವೆಲ್ಸ್’ ಎಂದು ಇದೇ ಐದು ಸಂಖ್ಯೆಗಳನ್ನು ಕೊಡಬೇಕು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಗ್ರ್ಯಾಡ್ಸ್‌ನಂತೆ ಅದು ಕೊನೆಯ ಮಟ್ಟದ ಮೇಲಿನ ಬೆಲೆಗೆ ತಾನಾಗಿ ಬಣ್ಣ ಕೊಡುವುದಿಲ್ಲ. ‘ಎಕ್ಸ್‌ಟೆಂಡ್’ ಎಂಬಲ್ಲಿ ‘ಮ್ಯಾಕ್ಸ್’ ಎಂದು ಬರೆಯದಿದ್ದರೆ 204.5 ದಾಟಿದ ಪ್ರದೇಶವೆಲ್ಲ ಬಿಳಿಯಾಗಿ ಉಳಿಯುತ್ತದೆ, ಮತ್ತು ಕೊಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸುರಿದ ಜಾಗ ಒಂದು ಹನಿಯೂ ಬೀಳದ ಜಾಗದಂತೆ ಅಚ್ಚಾಗುತ್ತದೆ.